ದಿನಕ್ಕೆರಡು ಬಸ್ಸಿನ ರಸ್ತೆ

ರಸ್ತೆ ಹೇಗಿದೆ ಅಂತ ಟ್ರ್ಯಾಕ್ಟರ್ ಇಟ್ಟುಕೊಂಡವರನ್ನು ಕೇಳಬಾರದು. ಅವರಿಗೆ ಎಲ್ಲಾ ರಸ್ತೆಯೂ ಚೆನ್ನಾಗಿಯೇ ಇರುತ್ತದೆ. ಇದನ್ನು ನನ್ನ ಗೆಳೆಯನಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಮೊನ್ನೆಯ ಸಿಟ್ಟು ನನಗಿನ್ನೂ ಇಳಿದಿಲ್ಲ. ಸೊಂಟದ ನೋವೂ ಇಳಿದಿಲ್ಲ.

ವಿಜಯಪುರದಿಂದ ಬಾದಾಮಿಗೆ ಸೈಕಲ್ ಮೇಲೆ ಹೊರಟಿದ್ದೆವು. ದಕ್ಷಿಣಕ್ಕೆ ಹೋಗಲು ಎರಡು ಹೆದ್ದಾರಿಗಳಿವೆ. ಮನಗೂಳಿ, ನಿಡಗುಂದಿ ಕಡೆಯಿಂದ ಹೋಗುವ 50ನೇ ನಂಬರಿನದು ಒಂದು. ಕೊಲ್ಹಾರದಲ್ಲಿ ಕೃಷ್ಣಾ ನದಿ ದಾಟುವ 52ನೇ ನಂಬರಿನದು ಇನ್ನೊಂದು. ಹೆದ್ದಾರಿ ನುಣ್ಣಗಿರುತ್ತದೆ, ಸುಳ್ಳು ಹೇಳಬಾರದು. ಆದರೆ ಅಂಚಿನ ಬಿಳಿ ಪಟ್ಟೆಯ ಆಚೆ ನಾವಿದ್ದರೆ, ಎದುರಿನಿಂದ ಉಲ್ಟಾ ಬರುವ ಬೈಕಿನವರು ನಮ್ಮನ್ನೇ ಗುರಾಯಿಸುತ್ತಾರೆ. ಕಬ್ಬಿನ ಸೀಸನ್ನಿನಲ್ಲಂತೂ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು. ಅವುಗಳ ಹಾಡಿನ ಅಬ್ಬರಕ್ಕೆ ಲಾರಿ ಹಾರ್ನೇ ಕೇಳಿಸುವುದಿಲ್ಲ, ನಮ್ಮ ಬೆಲ್ ಯಾವ ಲೆಕ್ಕ?

ಸಣ್ಣವನಿದ್ದಾಗ ಅಪ್ಪ ಇದೇ ಕೊಲ್ಹಾರದ ರಸ್ತೆಯಲ್ಲಿ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಬೇವಿನ ಮರ ಬಂದಾಗೊಮ್ಮೆ ಇಳಿದು, ಕಂಬಿಯ ಗೆರೆ ಮೂಡಿದ ತೊಡೆ ತಿಕ್ಕಿಕೊಳ್ಳುತ್ತಿದ್ದೆ. ರಸ್ತೆ ಅಗಲವಾಯಿತು, ಮರ ಹೋದವು. ಈಗ ನೆರಳು ಬೇಕೆಂದರೆ ಅಂಡರ್‌ಪಾಸ್ ಹುಡುಕಬೇಕು.

ನನ್ನ ಲೆಕ್ಕದಲ್ಲಿ ಸೈಕಲ್ಲಿಗೆ ಸರಿಯಾದ ರಸ್ತೆ ದಿನಕ್ಕೆರಡು ಬಸ್ ಬರುವ ರಸ್ತೆ. ಬಸ್ ಬರಬೇಕೆಂದರೆ ಅಷ್ಟಿಷ್ಟು ಡಾಂಬರು ಇರಲೇಬೇಕು. ಎರಡೇ ಬಸ್ ಅಂದರೆ ಗದ್ದಲ ಇಲ್ಲ. ಬಸ್ ಕಾಯುವವರಿಗಾಗಿ ಒಂದು ಚಹಾದಂಗಡಿಯೂ ಇರುತ್ತದೆ. ಸುಗ್ಗಿಯಲ್ಲಿ ಮಾತ್ರ ಸ್ವಲ್ಪ ಎಚ್ಚರ. ಗಾಡಿಗಳು ತುಳಿದು ಕಾಳು ಬಿಡಿಸಲಿ ಅಂತ ರಸ್ತೆ ಮೇಲೆಯೇ ಬೆಳೆ ಹರವಿರುತ್ತಾರೆ. ತೊಗರಿಯಾದರೆ ಹೇಗೋ ದಾಟಬಹುದು. ಕುಸುಬಿಯ ಮುಳ್ಳು ಕಂಡರೆ ಸುಮ್ನೆ ಇಳಿದು ಸೈಕಲ್ ಹೊತ್ತುಕೊಳ್ಳಬೇಕು.

ಇಷ್ಟೆಲ್ಲ ವಿವರಿಸಿದರೂ ಗೆಳೆಯ ಕ್ರಾಸಿಗೊಬ್ಬರನ್ನು ನಿಲ್ಲಿಸಿ ಕೇಳುತ್ತಾನೆ. ಮುಳವಾಡದ ಹತ್ತಿರವೂ ಕೇಳಿದ.

"ಅಣ್ಣಾರ, ಹೈವೇ ಬಿಟ್ಟು ಒಳಗಿಂದ ದಾರಿ ಏನರ ಐತೇನ್ರಿ?"

"ಐತಲ್ರಿ! ಕಾಲುವಿ ದಂಡಿ ಹಿಡದು ಹೋಗ್ರಿ. ಮಸ್ತ್ ಐತಿ. ನಾ ದಿನಾ ಹೋಗ್ತೀನಿ."

ಅಣ್ಣಾರ ಬೆನ್ನ ಹಿಂದೆ ಅವರ ಟ್ರ್ಯಾಕ್ಟರ್ ನಿಂತಿತ್ತು. ಅದರ ಹಿಂದಿನ ಗಾಲಿ ನನ್ನ ಎದೆಮಟ್ಟ ಇತ್ತು.

ಕಾಲುವೆ ದಂಡೆಯಲ್ಲಿ ಏರಿಲ್ಲ, ಇಳಿವಿಲ್ಲ, ನಿಜ. ಆದರೆ ಕಾಲುವೆ ದಿನ್ನೆ ಹತ್ತುವುದಿಲ್ಲವಲ್ಲ, ನೆಲದ ಮಟ್ಟ ನೋಡಿಕೊಂಡು ಸುತ್ತು ಹಾಕುತ್ತದೆ. ನೀರಿಗೇನು, ಬಾದಾಮಿಯಲ್ಲಿ ಅದಕ್ಕಾಗಿ ಯಾರೂ ಊಟ ಇಟ್ಟುಕೊಂಡು ಕಾದಿಲ್ಲ. ಬಲಗಡೆ ಒಂದು ಊರಿನ ನೀರಿನ ಟಾಕಿ ಕಂಡಿತು. ಜಲ್ಲಿಕಲ್ಲಿನ ಮೇಲೆ ಕುಣಿಯುತ್ತಾ ಬಹಳ ಹೊತ್ತು ತುಳಿದೆವು. ಅದೇ ಟಾಕಿ ಎದುರಿಗೆ ಬಂತು. ಇನ್ನೊಂದು ತಿರುವು ದಾಟಿದರೆ ಮತ್ತೆ ಬಲಗಡೆ, ಸ್ವಲ್ಪ ದೊಡ್ಡದಾಗಿ. ಟಾಕಿಯ ಮೇಲಿದ್ದ ಸಿಮೆಂಟಿನ ಜಾಹೀರಾತನ್ನು ಸುತ್ತಲೂ ಓದಿ ಮುಗಿಸಿದೆ. ಟಾಕಿ ಮಾತ್ರ ಮುಗಿಯಲಿಲ್ಲ.

ಆಚೆ ದಂಡೆಯಲ್ಲಿ ಒಬ್ಬ ಅಜ್ಜ ಎಮ್ಮೆ ಮೇಯಿಸುತ್ತಿದ್ದರು. ಗೆಳೆಯ ಬಿಟ್ಟಾನೆಯೇ? ಬಾಯಿಗೆ ಕೈ ಹಿಡಿದು ಕೂಗಿದ.

"ಯಜಮಾನ್ರ, ಕೊಲ್ಹಾರ ಎಷ್ಟು ದೂರ ಐತ್ರಿ?"

"ಈ ದಂಡಿಯಿಂದ ಇಲ್ಲೇ ಐತಿ. ಆ ದಂಡಿಯಿಂದ ಭಾಳ ದೂರ!"

"ದಾಟಾಕ ಸೇತುವೆ?"

"ಹಿಂದ ಬಿಟ್ಟು ಬಂದೀರಿ."

ನಾನು ಗೆಳೆಯನ ಮುಖ ನೋಡಿದೆ. ಅವನು ಎಮ್ಮೆಗಳನ್ನು ನೋಡಿದ. ಅಜ್ಜ ಅಲ್ಲಿಂದಲೇ ಕೇಳಿದರು, "ಶ್ರೀಶೈಲಕ್ಕ ಹೊಂಟೀರೇನು?"

"ಇಲ್ರಿ, ಬಾದಾಮಿಗೆ."

"ಬಾದಾಮಿಗೆ ಬಸ್ ಐತಲ್ಲೋ ತಮ್ಮಾ!"

ಹಿಂದಕ್ಕೆ ತಿರುಗಿದಾಗ ನನ್ನ ಟಯರಿಗೆ ಜಾಲಿ ಮುಳ್ಳು ಚುಚ್ಚಿತು. ಪಂಪ್ ಗೆಳೆಯನ ಬ್ಯಾಗಿನಲ್ಲಿತ್ತು, ಗೆಳೆಯ ಮುಂದೆ ಹೋಗಿದ್ದ, ಯಾರನ್ನೋ ದಾರಿ ಕೇಳಲು.

ಕೊಲ್ಹಾರ ಮುಟ್ಟುವಾಗ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಅಲ್ಲಿಯ ಗಡಿಗೆ ಮೊಸರು ಸಿಕ್ಕಿದ್ದರಿಂದ ನಮ್ಮ ಗೆಳೆತನ ಉಳಿಯಿತು ಅನ್ನಬಹುದು. ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಗೆಳೆಯ ತಳದ ಮೊಸರು ಬೆರಳಿನಿಂದ ಕೆರೆದು ತಿಂದ, ಕೈ ತೊಳೆದ, ಮೊಸರು ಮಾರುವವರ ಕಡೆ ತಿರುಗಿದ.

"ಅಕ್ಕಾರ, ಮುಂದ ಹೈವೇ ಬಿಟ್ಟು ಒಳಗಿಂದ ದಾರಿ ಏನರ..."

"ಮುಂದ ಹೊಳಿ ಐತಿ," ಅಂದರು ಅಕ್ಕಾರು. "ಒಳಗಿಂದ ಹೋಗವರಿದ್ರ ಸೈಕಲ್ ಇಲ್ಲೇ ಬಿಟ್ಟು ಹೋಗ್ರಿ."