ಕಣ್ಣಿನ ಒತ್ತಡದ ಪಕ್ಕದಲ್ಲಿ ಗಂಟೆಯನ್ನೂ ಬರೆಯಿರಿ

ದೃಷ್ಟಿನರ ಸವೆದು ನೋಟ ಕುಂದುವ ಕಾಯಿಲೆಯಾದ ಗ್ಲುಕೋಮಾ ಇರುವ ಯಾರದಾದರೂ ಆಸ್ಪತ್ರೆಯ ಫೈಲು ತೆರೆದು ನೋಡಿ. ದಿನಾಂಕ ಇರುತ್ತದೆ, ಬಲಗಣ್ಣು ಎಡಗಣ್ಣುಗಳ ಒತ್ತಡ ಎರಡು ಅಂಕಿಗಳಲ್ಲಿ ಇರುತ್ತದೆ, ಹಾಕಿಕೊಳ್ಳಬೇಕಾದ ಹನಿಗಳ ಹೆಸರು ಇರುತ್ತದೆ. ಆ ಒತ್ತಡವನ್ನು ಎಷ್ಟು ಗಂಟೆಗೆ ಅಳೆದರು ಎಂಬುದು ಮಾತ್ರ ನಾನು ಕಂಡ ಬಹಳಷ್ಟು ಫೈಲುಗಳಲ್ಲಿ ಇಲ್ಲ. ಸಕ್ಕರೆ ಕಾಯಿಲೆಯವರ ಚೀಟಿಯಲ್ಲಿ ಊಟಕ್ಕೆ ಮುಂಚಿನದ್ದು, ಊಟದ ನಂತರದ್ದು ಎಂದು ಬೇರೆ ಬೇರೆ ಬರೆಯುತ್ತಾರೆ. ಕಣ್ಣಿನ ವಿಷಯದಲ್ಲಿ ಈ ಎಚ್ಚರ ಯಾಕಿಲ್ಲ? ಈ ಕಾಯಿಲೆಯನ್ನು ವರ್ಷಗಳಿಂದ ಜೊತೆಯಲ್ಲಿಟ್ಟುಕೊಂಡು ಬದುಕುತ್ತಿರುವ ನನಗೆ ಇದು ಸಣ್ಣ ಲೋಪವಾಗಿ ಕಾಣುವುದಿಲ್ಲ.

ಕಣ್ಣಿನೊಳಗೆ ಒಂದು ತಿಳಿಯಾದ ದ್ರವ ಸದಾ ಹುಟ್ಟುತ್ತಿರುತ್ತದೆ. ಕಪ್ಪುಗುಡ್ಡೆಯ ಅಂಚಿನಲ್ಲಿರುವ ಜಾಲರಿಯಂಥ ಅಂಗಾಂಶದ ಮೂಲಕ ಬಸಿದು ರಕ್ತಕ್ಕೆ ಸೇರುತ್ತದೆ. ಹುಟ್ಟಿದಷ್ಟು ಬಸಿಯದಿದ್ದರೆ ಒತ್ತಡ ಏರುತ್ತದೆ, ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿರುವ ದೃಷ್ಟಿನರ ಕಣ್ಣಿನ ಹಿಂಭಾಗದಲ್ಲಿ ಸವೆಯುತ್ತಾ ಬರುತ್ತದೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದವರೆಗಿನ ಒತ್ತಡವನ್ನು ಸಹಜ ಎನ್ನುತ್ತಾರೆ. ಆದರೆ ಈ ಒತ್ತಡ ದಿನವಿಡೀ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಆರೋಗ್ಯವಂತರ ಕಣ್ಣಿನಲ್ಲೂ 3ರಿಂದ 6ರಷ್ಟು ಏರಿಳಿಯುತ್ತದೆ. ಗ್ಲುಕೋಮಾ ಇರುವ ಕಣ್ಣಿನಲ್ಲಿ ಈ ಏರಿಳಿತ 10ನ್ನೂ ದಾಟುವುದುಂಟು. ಅನೇಕರಲ್ಲಿ ಅದು ಹೆಚ್ಚುವುದು ರಾತ್ರಿ ಮಲಗಿದಾಗ, ಇಲ್ಲವೇ ಬೆಳಗಿನ ಜಾವ. ನಾವು ಆಸ್ಪತ್ರೆಯ ಕುರ್ಚಿಯಲ್ಲಿ ಕೂರುವುದು ಹನ್ನೊಂದು ಗಂಟೆಗೆ, ಬೆನ್ನು ನೆಟ್ಟಗೆ ಮಾಡಿಕೊಂಡು.

ಅಳೆಯುವ ಬಗೆಯನ್ನೂ ಹೇಳಬೇಕು. ಮೊದಲು ಕಣ್ಣು ಮರಗಟ್ಟುವ ಹನಿ, ಆಮೇಲೆ ಹಳದಿ ಬಣ್ಣದ ಹನಿ. ಗಲ್ಲವನ್ನು ಪಟ್ಟಿಯ ಮೇಲಿಟ್ಟು ಹಣೆಯನ್ನು ಮುಂದಕ್ಕೆ ಒತ್ತಿ ಕೂತರೆ ನೀಲಿ ಬೆಳಕಿನ ಸಣ್ಣ ತುದಿಯೊಂದು ಹತ್ತಿರ ಬಂದು ಕಣ್ಣುಗುಡ್ಡೆಯನ್ನು ಮುಟ್ಟುತ್ತದೆ. ಆ ಕಡೆಯಿಂದ ನೋಡುವ ವೈದ್ಯರಿಗೆ ಹಸಿರು ಬಣ್ಣದ ಎರಡು ಅರ್ಧ ವೃತ್ತಗಳು ಕಾಣುತ್ತವೆ. ಅವುಗಳ ಒಳಅಂಚು ಒಂದಕ್ಕೊಂದು ತಾಗುವವರೆಗೆ ಗುಂಡಿ ತಿರುಗಿಸಿ, ಅಲ್ಲಿ ಕಂಡ ಅಂಕಿಯನ್ನು ಓದುತ್ತಾರೆ. ಸ್ವಿಟ್ಜರ್ಲೆಂಡಿನ ಹನ್ಸ್ ಗೋಲ್ಡ್‌ಮನ್ 1950ರ ದಶಕದಲ್ಲಿ ರೂಪಿಸಿದ ಈ ಸಾಧನವೇ ಇಂದಿಗೂ ಪ್ರಮಾಣ. ವಿಧಾನದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದು ಕಣ್ಣಿಗೆ ಹಿಡಿಯುವುದು ಕೆಲವೇ ಸೆಕೆಂಡು. ವರ್ಷಕ್ಕೆ ಮೂರೋ ನಾಲ್ಕೋ ಸಲ ಹೋಗುವವರ ಕಣ್ಣಿನ ಮೇಲೆ ಇಡೀ ವರ್ಷದಲ್ಲಿ ಒಂದೆರಡು ನಿಮಿಷದ ನಿಗಾ. ಉಳಿದ ಹೊತ್ತೆಲ್ಲ ಊಹೆ.

ನನ್ನ ಫೈಲಿನಲ್ಲಿ ಒತ್ತಡ 15, 16 ಎಂದೇ ಇತ್ತು. ಆದರೂ ಸುತ್ತಲಿನ ನೋಟ ಎಷ್ಟು ಉಳಿದಿದೆ ಎಂದು ನೋಡುವ ಫೀಲ್ಡ್ ಟೆಸ್ಟಿನ ಕಾಗದದಲ್ಲಿ ಮೂಗಿನ ಕಡೆಯ ಕಪ್ಪು ಕಲೆ ದೊಡ್ಡದಾಗುತ್ತಿತ್ತು. ಆಗ ನನ್ನ ವೈದ್ಯರು ಒಂದು ದಿನ ಪೂರ್ತಿ ಆಸ್ಪತ್ರೆಯಲ್ಲೇ ಇರಲು ಹೇಳಿ ಎರಡೆರಡು ಗಂಟೆಗೊಮ್ಮೆ ಅಳೆಸಿದರು. ಬೆಳಿಗ್ಗೆ 23 ಇದ್ದದ್ದು ಮಧ್ಯಾಹ್ನದ ಹೊತ್ತಿಗೆ 16ಕ್ಕೆ ಇಳಿದಿತ್ತು. ನಾನು ಹಾಕಿಕೊಳ್ಳುತ್ತಿದ್ದದ್ದು ಟಿಮೊಲಾಲ್. ಹಗಲಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಈ ಔಷಧ ನಿದ್ದೆಯ ಹೊತ್ತಿನಲ್ಲಿ ಒತ್ತಡವನ್ನು ಅಷ್ಟಾಗಿ ಇಳಿಸುವುದಿಲ್ಲ. ಲ್ಯಾಟಾನೊಪ್ರಾಸ್ಟ್‌ನಂಥ ಹನಿಗಳು ದಿನಕ್ಕೊಮ್ಮೆ ಹಾಕಿದರೂ ಹಗಲು ರಾತ್ರಿ ಎರಡರಲ್ಲೂ ಕೆಲಸ ಮಾಡುತ್ತವೆ. ವೈದ್ಯರು ಔಷಧ ಬದಲಿಸಿದರು. ಹನ್ನೊಂದು ಗಂಟೆಯ ಅಂಕಿಯನ್ನೇ ನಂಬಿಕೊಂಡಿದ್ದರೆ ಬದಲಿಸಲು ಅವರಿಗೆ ಕಾರಣವೇ ಸಿಗುತ್ತಿರಲಿಲ್ಲ.

ಏರಿಳಿತವೇ ನರಕ್ಕೆ ಹಾನಿ ಮಾಡುತ್ತದೆಯೇ ಎಂಬ ವಿಷಯದಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ. ಅಮೆರಿಕದಲ್ಲಿ ಸಂಜಯ್ ಅಸ್ರಾಣಿ ಮತ್ತು ಸಂಗಡಿಗರು ರೋಗಿಗಳಿಂದ ಮನೆಯಲ್ಲೇ ಒತ್ತಡ ಅಳೆಸಿ, ದಿನದೊಳಗಿನ ದೊಡ್ಡ ಏರಿಳಿತವೇ ಒಂದು ಪ್ರತ್ಯೇಕ ಅಪಾಯ ಎಂದು 2000ರಲ್ಲಿ ಬರೆದರು. ಸ್ವೀಡನ್ನಿನ ದೊಡ್ಡ ಅಧ್ಯಯನವೊಂದು 2007ರಲ್ಲಿ ಬೇರೆ ಮಾತು ಹೇಳಿತು: ಮುಖ್ಯವಾದದ್ದು ಸರಾಸರಿ ಒತ್ತಡ, ಏರಿಳಿತ ತಾನಾಗಿಯೇ ಅಪಾಯವಲ್ಲ. ಅದೇ ಅಧ್ಯಯನದ ಹಿಂದಿನ ಲೆಕ್ಕದಂತೆ ಒತ್ತಡ 1 ಮಿಲಿಮೀಟರ್ ಇಳಿದರೆ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು ಶೇ 10ರಷ್ಟು ಇಳಿಯುತ್ತದೆ. ಸ್ವೀಡನ್ನಿನವರ ಮಾತೇ ಸರಿ ಎಂದುಕೊಳ್ಳೋಣ. ಆಗಲೂ ನನ್ನ ವಾದ ಬಿದ್ದುಹೋಗುವುದಿಲ್ಲ. ಸದಾ ಒಂದೇ ಹೊತ್ತಿನಲ್ಲಿ ಅಳೆದರೆ ಸರಾಸರಿಯಾದರೂ ಎಲ್ಲಿಂದ ಸಿಗಬೇಕು? ಒಂದೊಂದು ಮಿಲಿಮೀಟರಿಗೂ ಇಷ್ಟು ಬೆಲೆ ಇರುವಾಗ ಏಳು ಮಿಲಿಮೀಟರು ಯಾರ ಕಣ್ಣಿಗೂ ಬೀಳದೆ ಹೋಗುವುದನ್ನು ನಾನು ಒಪ್ಪಲಾರೆ.

ಒತ್ತಡವನ್ನು ಏರಿಸುವ ಕೆಲವು ಸಂಗತಿಗಳು ನಮ್ಮ ಮನೆಯೊಳಗೇ ಇವೆ. ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ ಎಂದು ಚೆನ್ನೈನ ಶಂಕರ ನೇತ್ರಾಲಯದ ವೈದ್ಯರು 2006ರಲ್ಲಿ ತೋರಿಸಿದರು. ಮೈಸೂರಿನಂಥ ಯೋಗದ ಊರಿನಲ್ಲಿ ಇದನ್ನು ಪ್ರತಿ ತರಗತಿಯ ಮೊದಲ ದಿನವೇ ಹೇಳಬೇಕು. ಗ್ಲುಕೋಮಾ ಇರುವವರು ತಲೆಕೆಳಗಾಗುವ ಆಸನಗಳನ್ನು ಬಿಟ್ಟು ಉಳಿದದ್ದನ್ನು ವೈದ್ಯರನ್ನು ಕೇಳಿಕೊಂಡು ಮಾಡಲಿ. ಇದಕ್ಕಿಂತ ನನಗೆ ಭಯ ಹುಟ್ಟಿಸುವುದು ಸ್ಟೀರಾಯ್ಡ್ ಹನಿಗಳು. ಕಣ್ಣು ಕೆರೆತಕ್ಕೆಂದು ಔಷಧದಂಗಡಿಯಲ್ಲಿ ಕೇಳಿ ತಂದ ಸಣ್ಣ ಸೀಸೆಯನ್ನು ತಿಂಗಳುಗಟ್ಟಲೆ ಹಾಕಿಕೊಳ್ಳುವವರಿದ್ದಾರೆ, ಮಕ್ಕಳಿಗೂ ಹಾಕುವವರಿದ್ದಾರೆ. ಕೆರೆತ ನಿಲ್ಲುತ್ತದೆ, ಒತ್ತಡ ಸದ್ದಿಲ್ಲದೆ ಏರುತ್ತದೆ. ದಯವಿಟ್ಟು ಚೀಟಿಯಿಲ್ಲದೆ ಆ ಸೀಸೆ ಕೊಳ್ಳಬೇಡಿ.

ಹನಿ ತಪ್ಪಿಸುವುದೂ ಏರಿಳಿತವೇ. ನೋವಿಲ್ಲ, ಕಣ್ಣು ಕಾಣುತ್ತಿದೆ, ಔಷಧ ದುಬಾರಿ. ಬಿಡುವುದಕ್ಕೆ ಕಾರಣಗಳು ಸುಲಭವಾಗಿ ಸಿಗುತ್ತವೆ. ತಪಾಸಣೆಯ ಹಿಂದಿನ ವಾರ ಮಾತ್ರ ಶ್ರದ್ಧೆಯಿಂದ ಹಾಕಿಕೊಂಡು ಹೋದರೆ ಅಂಕಿ ಚೆನ್ನಾಗಿಯೇ ಬರುತ್ತದೆ, ವೈದ್ಯರು ದಾರಿ ತಪ್ಪುತ್ತಾರೆ. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ.

ಮನೆಯಲ್ಲೇ ಒತ್ತಡ ಅಳೆದುಕೊಳ್ಳುವ ಯಂತ್ರಗಳು ಬಂದಿವೆ. ನಮ್ಮಲ್ಲಿ ಹೆಚ್ಚಿನವರ ಕೈಗೆ ಅವು ಎಟುಕುವುದಿಲ್ಲ. ಎಟುಕುವ ಕೆಲಸ ಬೇರೆ ಇದೆ. ಒಮ್ಮೆ ಬೆಳಿಗ್ಗೆ ಹೋಗಿದ್ದರೆ ಮುಂದಿನ ಸಲ ಸಂಜೆಯ ಸಮಯ ಕೇಳಿ. ಕೊನೆಯ ಹನಿ ಹಾಕಿದ್ದು ಯಾವಾಗ ಎಂದು ನೀವೇ ಹೇಳಿ. ಫೀಲ್ಡ್ ಟೆಸ್ಟ್ ಕೆಡುತ್ತಿದ್ದೂ ಒತ್ತಡ ಸರಿಯಿದೆ ಎಂದರೆ, ದಿನವಿಡೀ ಅಳೆಯುವ ಪರೀಕ್ಷೆ ಬೇಕೇ ಎಂದು ಕೇಳಿ. ಹಾಗೆ ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. ರಾತ್ರಿ ಬಸ್ಸು ಹತ್ತಿ ದೂರದ ಊರಿನಿಂದ ಬೆಂಗಳೂರಿಗೆ ಬರುವವರಿಗೆ ರಾತ್ರಿಯೆಲ್ಲ ಮಲಗದೆ ಕೂತೇ ಬಂದಿರುವುದರಿಂದ ಬೆಳಗಿನ ಎಂಟು ಗಂಟೆಯ ಸಮಯ ಸಿಕ್ಕರೂ ಪ್ರಯೋಜನ ಕಡಿಮೆ, ಸಂಜೆ ಉಳಿಯುವುದಂತೂ ಕಷ್ಟ. ಅಂಥವರ ಒತ್ತಡವನ್ನು ಅವರ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲೇ ಬೇರೆ ಬೇರೆ ಹೊತ್ತಿಗೆ ಅಳೆದು, ಗಂಟೆ ಸಮೇತ ಬರೆದು ಕೈಗೆ ಕೊಟ್ಟು ಕಳಿಸುವ ವ್ಯವಸ್ಥೆ ಆಗಬೇಕು.