ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು

ಬೆಳಿಗ್ಗೆ ಮತ್ತದೇ ವಾಟ್ಸಾಪ್ ಫಾರ್ವರ್ಡ್: ದಿನಕ್ಕೊಂದು ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ) ಕ್ಯಾಪ್ಸೂಲ್ ನುಂಗಿ, 30 ದಿನದಲ್ಲಿ ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ತುಂಬಿದ ಕೊಬ್ಬು, ಮಾಯ! ಪೂರ್ತಿ ಸುಳ್ಳಾಗಿದ್ದರೆ ಇಷ್ಟು ಸಿಟ್ಟು ಬರ್ತಿರಲಿಲ್ಲ. ಅರ್ಧ ನಿಜ ಹಿಡಿದುಕೊಂಡು ಮಾರ್ತಾರಲ್ಲ, ಅದೇ ಸಂಕಟ. ಕರುಳಿನ ಬ್ಯಾಕ್ಟೀರಿಯಾಗೂ ಲಿವರ್‌ಗೂ ನಂಟಿರೋದು ನಿಜ.

ಲಿವರ್‌ಗೆ ಹೋಗೋ ರಕ್ತದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಪೋರ್ಟಲ್ ರಕ್ತನಾಳದಿಂದ, ಅಂದರೆ ಮುಖ್ಯವಾಗಿ ಕರುಳಿನ ಕಡೆಯಿಂದ ಬರುತ್ತೆ. ಕರುಳಿನ ಒಳಪದರದ ಬೆಸುಗೆ ಸಡಿಲವಾದರೆ ಬ್ಯಾಕ್ಟೀರಿಯಾದ ಹೊರಕವಚದ ಚೂರುಗಳು, ಅಂದರೆ ಎಂಡೋಟಾಕ್ಸಿನ್, ಅದೇ ದಾರೀಲಿ ಲಿವರ್ ಸೇರುತ್ತವೆ. ಅಲ್ಲಿ ಕಾವಲಿರೋ ಕುಪ್ಫರ್ ಕೋಶಗಳು ಕೆರಳಿ ಉರಿಯೂತ ಎಬ್ಬಿಸುತ್ತವೆ. ಇನ್ನು ಕೆಲವು ಬ್ಯಾಕ್ಟೀರಿಯಾ ಹೊಟ್ಟೆಯೊಳಗೇ ಆಲ್ಕೋಹಾಲ್ ತಯಾರಿಸುತ್ತವೆ. ಮದ್ಯ ಮುಟ್ಟದೆ, ಬರೀ ಪಿಷ್ಟದ ಊಟ ಮಾಡಿ ಅಮಲೇರುತ್ತಿದ್ದ ರೋಗಿಯೊಬ್ಬನ ಕರುಳಲ್ಲಿ ಅಂಥ ಕ್ಲೆಬ್ಸಿಯೆಲ್ಲಾ ತಳಿ ಸಿಕ್ಕಿದ್ದನ್ನು ಚೀನಾದ ಸಂಶೋಧಕರು 2019ರಲ್ಲಿ ವರದಿ ಮಾಡಿದರು. ಅದನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ಲಿವರ್‌ನಲ್ಲೂ ಕೊಬ್ಬು ತುಂಬಿತು.

ಆದರೆ ಕರುಳಲ್ಲಿ ಯಾರು ಬೆಳೀಬೇಕು ಅನ್ನೋದನ್ನ ಬಹುಪಾಲು ತೀರ್ಮಾನಿಸೋದು ನಮ್ಮ ತಟ್ಟೆ. ಆ ಬ್ಯಾಕ್ಟೀರಿಯಾದ ಆಹಾರವಾದ ನಾರೇ ಇಲ್ಲದ ಊಟದ ಮೇಲೆ ಕ್ಯಾಪ್ಸೂಲ್ ನುಂಗೋದು ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿದ ಹಾಗೆ.

"ಪ್ರೊಬಯಾಟಿಕ್‌ನಿಂದ ಎಎಲ್‌ಟಿ (ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರೋ ಕಿಣ್ವ) ಇಳಿದ ಅಧ್ಯಯನಗಳಿವೆಯಲ್ಲ?" ಅಂತೀರಿ. ಇವೆ. ಹೆಚ್ಚಿನವು ಸಣ್ಣವು, ಕೆಲವೇ ತಿಂಗಳಿನವು, ಒಂದೊಂದರಲ್ಲಿ ಒಂದೊಂದು ತಳಿ. ಅದನ್ನಿಟ್ಟುಕೊಂಡು ಅಂಗಡಿಯ ಯಾವುದೋ ಡಬ್ಬಿಗೆ ಭರವಸೆ ಕೊಡೋಕಾಗಲ್ಲ.

ಬ್ಯಾಕ್ಟೀರಿಯಾಗೆ ಹಾಕೋ ಆಹಾರದ ಪುರಾವೆ ನೋಡಿ. 2023ರಲ್ಲಿ ಪ್ರಕಟವಾದ ಚೀನಾದ ಪ್ರಯೋಗದಲ್ಲಿ 200 ಫ್ಯಾಟಿ ಲಿವರ್ ರೋಗಿಗಳಿದ್ದರು. ಒಂದು ಗುಂಪಿಗೆ ನಾಲ್ಕು ತಿಂಗಳು ದಿನಕ್ಕೆ 40 ಗ್ರಾಂ, ಸಣ್ಣಕರುಳಲ್ಲಿ ಜೀರ್ಣವಾಗದ ಪಿಷ್ಟ. ಇನ್ನೊಂದಕ್ಕೆ ಅಷ್ಟೇ ಕ್ಯಾಲರಿಯ ಮಾಮೂಲಿ ಪಿಷ್ಟ. ಮೊದಲ ಗುಂಪಿನಲ್ಲಿ ಲಿವರ್ ಕೊಬ್ಬು ಸ್ಪಷ್ಟವಾಗಿ ಇಳಿಯಿತು, ತೂಕ ಇಳಿದ ಲೆಕ್ಕ ಕಳೆದರೂ. ಹಾಗಂತ ತಂಗಳನ್ನದಿಂದ 40 ಗ್ರಾಂ ಬರಲ್ಲ. ಅನ್ನ ತಣಿದರೆ ಆ ಬಗೆಯ ಪಿಷ್ಟ ಸ್ವಲ್ಪ ಹೆಚ್ಚುತ್ತೆ, ಅಷ್ಟೇ.

ನಮ್ಮಲ್ಲಿ ದಾರಿ ಸುಲಭ. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ, ರಾಗಿಯಲ್ಲಿ 11. ಜೊತೆಗೆ ಹುರುಳಿ, ಬಾಳೆಕಾಯಿ, ಸೊಪ್ಪು. ಸಕ್ಕರೆ ಪಾನೀಯ ಮಾತ್ರ ಬಿಡಲೇಬೇಕು. ಅದರ ಫ್ರಕ್ಟೋಸ್ ಸಣ್ಣಕರುಳಿನ ಶಕ್ತಿ ಮೀರಿದರೆ ಉಳಿದದ್ದನ್ನು ಬ್ಯಾಕ್ಟೀರಿಯಾ ಅಸಿಟೇಟ್ ಅನ್ನೋ ಸಣ್ಣ ಅಣುವಾಗಿ ಮಾಡುತ್ತವೆ, ಲಿವರ್ ಅದರಿಂದ ಕೊಬ್ಬು ಕಟ್ಟುತ್ತೆ. ಇಲಿಗಳಲ್ಲಿ ಇದನ್ನು ತೋರಿಸಿದ್ದಾರೆ.

ಕ್ಯಾಪ್ಸೂಲ್ ನಂಬಿ ಪರೀಕ್ಷೆ ಮುಂದೂಡೋರನ್ನ ಕಂಡರೆ ನನಗೆ ನಿಜಕ್ಕೂ ಭಯ. ವಯಸ್ಸು, ಎಎಸ್‌ಟಿ (ಎಎಲ್‌ಟಿಯಂಥದೇ ಇನ್ನೊಂದು ಕಿಣ್ವ), ಎಎಲ್‌ಟಿ, ಪ್ಲೇಟ್‌ಲೆಟ್: ಈ ನಾಲ್ಕರಿಂದ ಫಿಬ್-4 ಲೆಕ್ಕ ಹಾಕ್ತಾರೆ. ಲಿವರ್‌ನಲ್ಲಿ ಗಾಯದ ಕಲೆ ಕಟ್ಟಿರೋ ಸಾಧ್ಯತೆಯ ಅಂದಾಜು ಅದು. 1.3 ದಾಟಿದರೆ ಲಿವರ್‌ನ ಗಟ್ಟಿತನ ಅಳೆಯೋ ಫೈಬ್ರೋಸ್ಕ್ಯಾನ್ ಬಗ್ಗೆ ಡಾಕ್ಟರನ್ನ ಕೇಳಿ. ತೂಕ ಹೆಚ್ಚಿರುವವರು 7ರಿಂದ 10 ಶೇಕಡ ಇಳಿಸಿದರೆ ಸಿಗೋ ಫಲವನ್ನ ಯಾವ ಪ್ರೊಬಯಾಟಿಕ್ಕೂ ಇನ್ನೂ ತೋರಿಸಿಲ್ಲ.

ನಾರನ್ನು ಒಂದೇ ದಿನ ದುಪ್ಪಟ್ಟು ಮಾಡಬೇಡಿ. ಗ್ಯಾಸ್ ಬಂತು ಅಂತ ವಾರದಲ್ಲೇ ಕೈಬಿಡ್ತೀರಿ. ಹುರುಳಿಯನ್ನ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮೆತ್ತಗೆ ಬೇಯಿಸಿ. ಮೊದಲ ವಾರ ಎರಡು ಚಮಚ ಸಾಕು, ಮೂರು ವಾರದಲ್ಲಿ ಒಂದು ಬಟ್ಟಲಿಗೆ ಬನ್ನಿ. ಹೊಟ್ಟೆ ಉಬ್ಬಿದರೆ ಅಳತೆ ಇಳಿಸಿ, ನಿಲ್ಲಿಸಬೇಡಿ.