ಎಲ್ಲಾ ದೀಪಾವಳಿದೇ ತಪ್ಪು

2025ರ ಡಿಸೆಂಬರ್ 1ರ ಸಂಜೆ ದೆಹಲಿಯಿಂದ ಬಂದ ಆ ಸುದ್ದಿ ನೀವೂ ಓದಿರುತ್ತೀರಿ. ಅಕ್ಟೋಬರ್ ತಿಂಗಳಲ್ಲಿ ದೇಶದ ಕೈಗಾರಿಕಾ ಉತ್ಪಾದನೆಯ ಸೂಚ್ಯಂಕ ಶೇ 0.4ರಷ್ಟು ಏರಿದೆಯಂತೆ. ಏರಿದೆ ಅನ್ನೋದು ಸುಮ್ನೆ ಮರ್ಯಾದೆಗೆ. ನಮ್ಮ ಮನೆಯ ಬಿಪಿ ಮಷಿನ್ ಕೂಡ ಇಷ್ಟು ಸಣ್ಣ ಏರಿಕೆಯನ್ನು ತೋರಿಸುವುದಿಲ್ಲ.

ಅಂಕಿ ನೋಡಿ ನನಗೇನೂ ಅನ್ನಿಸಲಿಲ್ಲ. ದಾವಣಗೆರೆಯವರಿಗೆ ಕಾರ್ಖಾನೆ ನಿಧಾನ ಆಯ್ತು, ನಿಂತಿತು ಅನ್ನೋದು ಹೊಸ ಸುದ್ದಿಯಲ್ಲ. ತಲೆ ಕೆಟ್ಟಿದ್ದು ಅಂಕಿಯ ಕೆಳಗಿದ್ದ ವಿವರಣೆ ಓದಿ. ದಸರಾ, ದೀಪಾವಳಿ, ಬಿಹಾರದ ಕಡೆಯವರ ಛಠ್ ಅಂತ ಹಬ್ಬಗಳು ಸಾಲಾಗಿ ಬಂದವು, ಕೆಲಸದ ದಿನಗಳು ಕಡಿಮೆಯಾದವು, ಬೆಳವಣಿಗೆ ಕುಗ್ಗಲು ಅದು ಕಾರಣ ಇರಬಹುದು ಅಂತ ಅಂಕಿ-ಅಂಶ ಇಲಾಖೆ ಹೇಳಿದೆ.

ಪಾಪ, ದೀಪಾವಳಿ ಹೇಳದೆ ಕೇಳದೆ ಬಂದುಬಿಟ್ಟಿತು ನೋಡಿ. ಊಟದ ಹೊತ್ತಿಗೆ ಸರಿಯಾಗಿ ಬರುವ ನೆಂಟರ ಹಾಗೆ. ಪಂಚಾಂಗದವರು ಒಂದು ವರ್ಷ ಮುಂಚೆ ಅಚ್ಚು ಹಾಕಿರುತ್ತಾರೆ. ಕಿರಾಣಿ ಅಂಗಡಿಯವರು ಪುಕ್ಕಟೆ ಕ್ಯಾಲೆಂಡರ್ ಕೊಟ್ಟಿರುತ್ತಾರೆ. ನಮ್ಮ ಅಡುಗೆಮನೆಯ ಮೊಳೆಗೆ ನೇತುಹಾಕಿದ ಆ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 20 ಕೆಂಪಗೇ ಇತ್ತು. ದೆಹಲಿಗೆ ಬಹುಶಃ ಕಿರಾಣಿ ಅಂಗಡಿ ದೂರ.

ಚಟಕ್ಕೆ ಹಳೇ ಕ್ಯಾಲೆಂಡರನ್ನೂ ಅಟ್ಟದಿಂದ ಇಳಿಸಿದೆ. ಈ ಸೂಚ್ಯಂಕದಲ್ಲಿ ಹೋಲಿಸುವುದು ಹೋದ ವರ್ಷದ ಅದೇ ತಿಂಗಳಿಗೆ ಅಲ್ವಾ? 2024ರಲ್ಲಿ ವಿಜಯದಶಮಿ ಬಿದ್ದಿದ್ದು ಅಕ್ಟೋಬರ್ 12ಕ್ಕೆ. ನರಕ ಚತುರ್ದಶಿ ಅಕ್ಟೋಬರ್ 31ಕ್ಕೆ. ಅಂದರೆ ಆಗಲೂ ಎರಡೂ ಹಬ್ಬ ಅದೇ ತಿಂಗಳಲ್ಲಿದ್ದವು. ಬಲಿಪಾಡ್ಯಮಿ ನವೆಂಬರಿಗೆ ಜಾರಿತ್ತು, ಛಠ್ ಕೂಡ ನವೆಂಬರಿನಲ್ಲಿತ್ತು, ಒಪ್ಪಿದೆ. ಎರಡು-ಮೂರು ದಿನ ಹೆಚ್ಚುಕಮ್ಮಿ ಆಗಿರಬಹುದು. ಆದರೆ ಎರಡು-ಮೂರು ದಿನ ಬೀಗ ಹಾಕಿದ್ದಕ್ಕೆ ಇಡೀ ತಿಂಗಳು ಮಕಾಡೆ ಮಲಗುತ್ತದೆ ಅಂದರೆ ಅದು ಹಬ್ಬದ ರೋಗವಲ್ಲ.

ಇದೇ ಸರ್ಕಾರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಸಿತು. ಒಳ್ಳೆಯದೇ ಮಾಡಿತು. 12 ಮತ್ತು 28ರ ಸ್ಲ್ಯಾಬ್ ತೆಗೆದು ಬಹುತೇಕ ಎಲ್ಲವನ್ನೂ 5 ಮತ್ತು 18ಕ್ಕೆ ತಂದಿತು. ಅದಕ್ಕೆ ಇಟ್ಟ ಹೆಸರು ಏನು? ಉಳಿತಾಯ ಉತ್ಸವ! ನವರಾತ್ರಿಯ ಮೊದಲ ದಿನವನ್ನೇ ಹುಡುಕಿ ಶುರು ಮಾಡಿದ್ದು. ಹಬ್ಬ ಬಂತು, ಖರೀದಿ ಮಾಡಿ, ಸ್ವದೇಶಿ ಕೊಳ್ಳಿ ಅಂತ ಕರೆ ಬಂತು. ಜನ ಕೊಂಡರು ಕೂಡ. ಅಕ್ಟೋಬರ್ ಒಂದೇ ತಿಂಗಳಲ್ಲಿ ಶೋರೂಮುಗಳಿಂದ 40 ಲಕ್ಷಕ್ಕೂ ಜಾಸ್ತಿ ಗಾಡಿಗಳು ಆಚೆ ಬಂದವು ಅಂತ ಡೀಲರುಗಳ ಸಂಘವೇ ಹೇಳಿತು. ನಮ್ಮ ಪಿ.ಬಿ. ರಸ್ತೆಯಲ್ಲಿ ನಿಂಬೆಹಣ್ಣಿನ ಮೇಲೆ ಹತ್ತಿಸಿದ ಹೊಸ ಸ್ಕೂಟರುಗಳನ್ನು ನಾನೇ ನೋಡಿದ್ದೇನೆ.

ಅಂದರೆ ಮಾರಾಟ ಜೋರಾದಾಗ ಹಬ್ಬ ನಮ್ಮ ಮನೆ ಅಳಿಯ. ಉತ್ಪಾದನೆ ಬಿದ್ದಾಗ ಅದೇ ಹಬ್ಬ ಪಕ್ಕದ ಮನೆ ಪೋಲಿ ಹುಡುಗ.

ಗಾಡಿ ಹೋಗಲಿ. ದಿನಬಳಕೆ ಸಾಮಾನಿನ ಲೆಕ್ಕ ನೋಡಿ. ಸೋಪು, ಎಣ್ಣೆ, ಬಿಸ್ಕತ್ತು, ಅಂದರೆ ತಿಂದು, ಬಳಸಿ ಮುಗಿಸುವ ವಸ್ತುಗಳ ಉತ್ಪಾದನೆ ಶೇ 4.4ರಷ್ಟು ಬಿದ್ದಿದೆ. ಕಾರ್ಖಾನೆ ಉತ್ಪಾದನೆಯ 23 ಗುಂಪುಗಳಲ್ಲಿ ಮೇಲೆ ಹೋಗಿದ್ದು 9 ಮಾತ್ರ. ದೀಪಾವಳಿಗೆ ಎಣ್ಣೆಸ್ನಾನ ಮಾಡುವ ದೇಶದಲ್ಲಿ, ದೀಪಾವಳಿ ತಿಂಗಳಲ್ಲಿ ಎಣ್ಣೆ-ಸೋಪಿನ ಲೆಕ್ಕ ಕೆಳಗೆ! ನರಕಾಸುರನಿಗೂ ಇದು ಅರ್ಥ ಆಗಲಿಕ್ಕಿಲ್ಲ.

ನೆಪ ಹುಡುಕುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ ಬಿಡಿ. 2019 ನೆನಪಿದೆಯಾ? ಆ ಆಗಸ್ಟಿನಲ್ಲಿ ಕಾರುಗಳ ಮಾರಾಟ ಮೂವತ್ತು ಶೇಕಡಕ್ಕಿಂತ ಜಾಸ್ತಿ ಬಿದ್ದಿತ್ತು. ಸೆಪ್ಟೆಂಬರಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದ ಕಾರಣಗಳಲ್ಲಿ ಒಂದು, ಹೊಸ ತಲೆಮಾರಿನ ಹುಡುಗರು ಕಂತು ಕಟ್ಟಿ ಕಾರು ಕೊಳ್ಳುವ ಬದಲು ಓಲಾ, ಊಬರ್ ಹತ್ತುತ್ತಾರೆ ಅನ್ನೋದು. ಆಗ ದಾವಣಗೆರೆಯ ಹುಡುಗರು ಹತ್ತುತ್ತಿದ್ದಿದ್ದು ಶೇರ್ ಆಟೋ. ಡ್ರೈವರ್ ಪಕ್ಕ ಅರ್ಧ ಸೀಟಿನಲ್ಲಿ, ಒಂದು ಕಾಲು ಹೊರಗೆ ಇಟ್ಟುಕೊಂಡು. ದೇಶದ ವಾಹನೋದ್ಯಮ ಬಿದ್ದಿದ್ದು ನಮ್ಮ ಆ ಹೊರಗಿನ ಕಾಲಿನಿಂದ ಅಂತ ಗೊತ್ತಾಗಿ ಆಗ ಬಹಳ ನೊಂದುಕೊಂಡಿದ್ದೆವು.

ಮುಂದಿನ ತಿಂಗಳೇ ಇನ್ನೊಂದು ರತ್ನ ಉದುರಿತು. ಅಕ್ಟೋಬರ್ 2ರಂದು ಮೂರು ಸಿನಿಮಾ ಸೇರಿ 120 ಕೋಟಿ ಗಳಿಸಿವೆ, ಹಿಂಜರಿತ ಎಲ್ಲಿದೆ ಅಂತ ಆಗಿನ ಕಾನೂನು ಸಚಿವ ರವಿಶಂಕರ್ ಪ್ರಸಾದ್ ಕೇಳಿದರು. ಮಾರನೇ ದಿನ ಮಾತು ವಾಪಸ್ ತಗೊಂಡರು. ವಾಪಸ್ ತಗೊಂಡಿದ್ದು ನನಗಂತೂ ಬೇಜಾರೇ ಆಯ್ತು. ಟಾಕೀಸಿನ ಕ್ಯೂ ನೋಡಿ ದೇಶದ ಆರ್ಥಿಕತೆ ಅಳೆಯುವ ಶಾಸ್ತ್ರ ಬೆಳೆಯುವ ಮುಂಚೆಯೇ ಸತ್ತಿತು.

ಹಾಗೆ ನೋಡಿದರೆ ಇಂಥ ಶಾಸ್ತ್ರಗಳು ಹೊರದೇಶದಲ್ಲೂ ಇವೆ. ಅಮೆರಿಕದ ಕೇಂದ್ರ ಬ್ಯಾಂಕನ್ನು ವರ್ಷಗಟ್ಟಲೆ ನಡೆಸಿದ ಅಲನ್ ಗ್ರೀನ್‌ಸ್ಪ್ಯಾನ್ ಹೆಸರಿನಲ್ಲಿ ಒಂದು ಚಡ್ಡಿ ಸಿದ್ಧಾಂತ ಓಡಾಡುತ್ತದೆ. ಕೈಯಲ್ಲಿ ಕಾಸಿಲ್ಲದಾಗ ಗಂಡಸು ಮೊದಲು ಮುಂದಕ್ಕೆ ಹಾಕುವ ಖರೀದಿ ಅಂದರೆ ಒಳಚಡ್ಡಿ. ಯಾಕಂದ್ರೆ ಅದು ಹರಿದಿದ್ದರೂ ಯಾರಿಗೂ ಕಾಣುವುದಿಲ್ಲ. 2019ರಲ್ಲಿ ನಮ್ಮ ಪೇಪರುಗಳೂ ಈ ಚಡ್ಡಿ ಹಿಡಿದು ಪುಟಗಟ್ಟಲೆ ಬರೆದವು. ನಮ್ಮ ಚೌಕಿಪೇಟೆಯಲ್ಲಿ ಈ ಸಂಶೋಧನೆಗೆ ಯಾರೂ ಬೆರಗಾಗಲಿಲ್ಲ. ಎರಡು ಬನಿಯನ್ ಕೊಳ್ಳಲು ಬಂದವನು ಒಂದೇ ತಗೊಂಡು ಹೋದರೆ ಅವನ ಸಂಬಳ ಆಗಿಲ್ಲ ಅಂತ ಅಂಗಡಿಯವನಿಗೆ ಗ್ರೀನ್‌ಸ್ಪ್ಯಾನ್ ಬಂದು ಹೇಳಬೇಕಾ?

ನನ್ನದೂ ಒಂದು ಸೂಚ್ಯಂಕ ಇದೆ. ಮಂಡಕ್ಕಿ ಸೂಚ್ಯಂಕ. ಕೈಯಲ್ಲಿ ಕಾಸಿದ್ದಾಗ ಈ ಊರಿನ ಮನುಷ್ಯ ಸಂಜೆ ಬೆಣ್ಣೆ ದೋಸೆ ತಿನ್ನುತ್ತಾನೆ. ಕಾಸು ಕಮ್ಮಿಯಾದಾಗ ಮಂಡಕ್ಕಿ-ಮಿರ್ಚಿಗೆ ಇಳಿಯುತ್ತಾನೆ. ಇನ್ನೂ ಕಮ್ಮಿಯಾದರೆ ಮಿರ್ಚಿ ಬಿಟ್ಟು ಬರೀ ಮಂಡಕ್ಕಿ. ಅದೂ ಆಗದಿದ್ದರೆ ಗೆಳೆಯನ ಪೊಟ್ಟಣಕ್ಕೆ ಕೈ ಹಾಕುತ್ತಾನೆ. ಗಡಿಯಾರ ಕಂಬದ ಹತ್ತಿರ ಒಂದು ಗಂಟೆ ನಿಂತು, ಒಂದು ಪೊಟ್ಟಣಕ್ಕೆ ಎಷ್ಟು ಕೈ ಅಂತ ಎಣಿಸಿದರೆ ಸಾಕು. 2011-12ನ್ನು ಆಧಾರ ವರ್ಷ ಮಾಡಿಕೊಂಡು 2025ರಲ್ಲೂ ಲೆಕ್ಕ ಹಾಕುತ್ತಿದ್ದ ಸೂಚ್ಯಂಕಕ್ಕಿಂತ ಇದು ತಾಜಾ. ಗರಿಗರಿ ಕೂಡ.

ಮಂಡಕ್ಕಿ ಅಂದಾಗ ಭಟ್ಟಿಯ ಮಾತು ಹೇಳಲೇಬೇಕು. ಹಬ್ಬಕ್ಕೂ ಉತ್ಪಾದನೆಗೂ ಏನು ಸಂಬಂಧ ಅಂತ ದೆಹಲಿಯವರಿಗೆ ನಿಜವಾಗಿ ತಿಳಿಯಬೇಕಾದರೆ ನಮ್ಮ ಮಂಡಕ್ಕಿ ಭಟ್ಟಿಗಳಿಗೆ ಬರಲಿ. ಬೆಳಗಿನ ಜಾವವೇ ಒಲೆ ಹತ್ತಿರುತ್ತದೆ. ಒಳಗೆ ಕಾಲಿಟ್ಟರೆ ಹೊಗೆಗೆ ಕಣ್ಣು ಉರಿಯುತ್ತದೆ. ಕಾದ ಮರಳಿಗೆ ಉಪ್ಪು ಹಚ್ಚಿದ ಅಕ್ಕಿ ಬೀಳುತ್ತದೆ. ನೀವು ಕೆಮ್ಮಿ ಮುಗಿಸುವುದರೊಳಗೆ ಅದು ಅರಳಿ ಬೆಳ್ಳಗೆ ಮೇಲೆದ್ದಿರುತ್ತದೆ. ಜರಡಿ ಹಿಡಿದವನು ಅರೆಕ್ಷಣ ತಡಮಾಡಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಮರಳು ಜರಡಿಯಿಂದ ಸುರಿದು ವಾಪಸ್ ಬಾಣಲೆಗೆ, ಮಂಡಕ್ಕಿ ಚೀಲಕ್ಕೆ. ಆ ಶಾಖದ ಮುಂದೆ ನಿಂತವರ ಮುಂಗೈ ಕೂದಲು ಸುಟ್ಟು ನುಣ್ಣಗಾಗಿರುತ್ತದೆ.

ಆ ಮನುಷ್ಯನನ್ನು ಕೇಳಿ, ದುಗ್ಗಮ್ಮನ ಜಾತ್ರೆ ಬಂದರೆ ಏನು ಮಾಡುತ್ತೀರಿ ಅಂತ. ಜಾತ್ರೆಯ ಮುಂಚೆ ಜಾಸ್ತಿ ಹುರಿಯುತ್ತೇವೆ ಅಂತಾನೆ. ಅಷ್ಟೇ ಉತ್ತರ. ಜಾತ್ರೆ ಬಂತು ಅಂತ ಒಲೆ ಆರಿಸುವವನು ಭಟ್ಟಿ ಇಟ್ಟ ಹಾಗೇ. ಹಬ್ಬ ಅಂದರೆ ಅವನಿಗೆ ಸುಗ್ಗಿ. ಮಜಾ ಅಂದರೆ, ದೇಶದ ಸೂಚ್ಯಂಕ ಎಣಿಸುವುದು ರಿಜಿಸ್ಟರ್ ಆದ ಕಾರ್ಖಾನೆಗಳ ಮಾಲನ್ನು. ಈ ಭಟ್ಟಿಯವನ ಲೆಕ್ಕವೇ ಅದರಲ್ಲಿಲ್ಲ.

ಇನ್ನು ಛಠ್. ನಮ್ಮೂರಿನಲ್ಲಿ ಛಠ್ ಮಾಡುವವರು ಯಾರು? ಟೈಲ್ಸ್ ಹಾಕುವ ಹುಡುಗರು. ಸೆಂಟ್ರಿಂಗ್ ಕಟ್ಟುವವರು. ಬಿಹಾರದಿಂದ ಬಂದವರು. ಹೋದ ಅಕ್ಟೋಬರಿನಲ್ಲಿ ನಮ್ಮ ಮನೆ ಎದುರಿನ ಕಟ್ಟಡದ ಇಬ್ಬರು ಹುಡುಗರು ಬೆನ್ನಿಗೊಂದು ಬ್ಯಾಗು, ಕೈಯಲ್ಲೊಂದು ಖಾಲಿ ಪೇಂಟ್ ಬಕೆಟ್ ಹಿಡಿದು ಸ್ಟೇಷನ್ನಿಗೆ ಹೊರಟಿದ್ದರು. ಬಕೆಟ್ ಯಾಕಪ್ಪಾ ಅಂದೆ. ರೈಲಿನಲ್ಲಿ ಕೂರಲು ಅಂದರು. ರಿಸರ್ವೇಶನ್ ಸಿಕ್ಕಿರಲಿಲ್ಲ. ಎರಡು ಹಗಲು, ಎರಡು ರಾತ್ರಿ ಬಕೆಟ್ ಮೇಲೆ ಕೂತು ಊರಿಗೆ ಹೋಗಿ, ಅಮ್ಮನ ಜೊತೆ ನೀರಿನಲ್ಲಿ ನಿಂತು, ನಾಲ್ಕು ದಿನಕ್ಕೆ ಅದೇ ಬಕೆಟ್ ಮೇಲೆ ವಾಪಸ್. ವರ್ಷಕ್ಕೊಂದು ಸಲ.

ಇವರೇ ನೋಡಿ ದೇಶದ ಬೆಳವಣಿಗೆ ತಡೆದವರು. ನನಗೆ ಇಲ್ಲಿ ತಮಾಷೆ ಮಾಡಲು ಆಗುತ್ತಿಲ್ಲ. ವರ್ಷವಿಡೀ ದುಡಿಸಿಕೊಂಡು, ಕೂರಲು ಸೀಟು ಕೊಡದೆ, ನಾಲ್ಕು ದಿನ ಮನೆಗೆ ಹೋಗಿದ್ದಕ್ಕೆ ಅವರ ಹಬ್ಬದ ಹೆಸರನ್ನು ಸರ್ಕಾರಿ ಪ್ರಕಟಣೆಯಲ್ಲಿ ಬರೆಯುವುದಕ್ಕೆ ಕೈ ಹೇಗಾದರೂ ಬರುತ್ತದೆ? ಮೆಕ್ಕೆಜೋಳಕ್ಕೆ ಕ್ವಿಂಟಲಿಗೆ 2,400 ಬೆಂಬಲ ಬೆಲೆ ಅಂತ ಹೇಳಿದರು. ಅಷ್ಟು ಸಿಗದೆ ನಮ್ಮ ಜಿಲ್ಲೆಯ ರೈತ ರಸ್ತೆಗಿಳಿದ. ಅವನು ಈ ಸಲ ಹೆಂಡತಿಗೆ ಸೀರೆ ತಂದಿಲ್ಲ. ಸೀರೆ ಅಂಗಡಿಯವನು ಹೊಸ ಆರ್ಡರ್ ಕೊಟ್ಟಿಲ್ಲ. ಕಾರಣ ಬೇಕಾದರೆ ಇಲ್ಲಿಂದ ಹುಡುಕಿಕೊಂಡು ಹೋಗಬಹುದಿತ್ತು. ಅದಕ್ಕೆ ನಡೆಯಬೇಕು. ಹಬ್ಬದ ಪಟ್ಟಿ ಆದರೆ ಕೂತಲ್ಲೇ ಸಿಗುತ್ತದೆ.

ಹೋಗಲಿ ಬಿಡಿ.

ನಮ್ಮೂರನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಈಗಲೂ ಅನ್ನುತ್ತಾರೆ, ಚುನಾವಣೆ ಭಾಷಣದಲ್ಲಿ, ಎಲ್ಲಾ ಪಕ್ಷದವರೂ. ಮಿಲ್ಲುಗಳು ಹೋದವು, ಬಡಾವಣೆಗೆ ಹೆಸರು ಉಳಿಯಿತು. ಡಿಸಿಎಂ ಟೌನ್‌ಶಿಪ್ ಅಂದರೆ ಕಾಟನ್ ಮಿಲ್ ಅಂತ ಬಿಡಿಸಿ ಹೇಳದಿದ್ದರೆ ಈಗಿನ ಮಕ್ಕಳು ಉಪ ಮುಖ್ಯಮಂತ್ರಿಗಳ ಮನೆ ಅಂದುಕೊಳ್ಳುತ್ತಾರೆ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆಲ್ಲಾ ಲೇತ್ ಮಷಿನ್ ಕಳಿಸುತ್ತಿತ್ತು. ಅದಕ್ಕೂ ಬೀಗ ಬಿದ್ದು ಎರಡು ದಶಕ ದಾಟಿತು. ಇವೆಲ್ಲ ಮುಚ್ಚುವಾಗ ಯಾವ ಹಬ್ಬ ಇತ್ತೋ, ಯಾರೂ ಬರೆದಿಟ್ಟಿಲ್ಲ.

ಹರಿಹರದ ಅಂಥ ಒಂದು ಹಳೇ ಲೇತ್ ನಮ್ಮ ಬೀದಿ ಕೊನೆಯ ತಗಡಿನ ಶೆಡ್ಡಿನಲ್ಲಿ ಇನ್ನೂ ತಿರುಗುತ್ತಿದೆ. ಅದನ್ನು ನಡೆಸುವ ಕಾಕಾ ಮುಚ್ಚಿಹೋದ ಒಂದು ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಸೂಚ್ಯಂಕದ ಸುದ್ದಿ ಪೇಪರಿನಲ್ಲಿ ಬಂದ ದಿನ ನಮ್ಮ ಬೋರಿನ ಮೋಟರಿನ ಸವೆದ ಬುಷ್ ಹಿಡಿದುಕೊಂಡು ಅಲ್ಲಿಗೆ ಹೋಗಿದ್ದೆ. ಮಷಿನ್ ಮೇಲೆ ಆಯುಧಪೂಜೆಯ ಕುಂಕುಮ ಗ್ರೀಸ್ ಜೊತೆ ಸೇರಿ ಕರ್ರಗಾಗಿತ್ತು. ಒಣಗಿದ ಚೆಂಡುಹೂವಿನ ಹಾರ ಹಾಗೇ ಇತ್ತು. ನಾನು ಪೇಪರ್ ಓದಿ ಹೇಳಿದೆ.

"ಆಯುಧಪೂಜೆ ದಿನ ಮಷಿನ್ ಬಂದ್ ಇಟ್ಟಿದ್ರಾ ಕಾಕಾ?"

"ಇಟ್ಟಿದ್ದೆ. ಪೂಜೆ ಮಾಡಿ ಕುಂಬಳಕಾಯಿ ಒಡೆದೆ."

"ದೇಶಕ್ಕೆ ಲಾಸ್ ಮಾಡಿದ್ರಿ."

ಕಾಕಾ ಬುಷ್ ಅನ್ನು ಕ್ಯಾಲಿಪರಿನಲ್ಲಿ ಅಳೆಯುತ್ತಾ, "ಪೂಜೆ ದಿನ ಒಂದೇ ರಜಾ. ಅದಾದ ಮ್ಯಾಲೆ ಹತ್ತು ದಿನ ಸುಮ್ನೆ ಕುಂತೆ, ಕೆಲಸಾನೇ ಬರ್ಲಿಲ್ಲ. ಅದನ್ನ ಯಾವ ಹಬ್ಬದ ಲೆಕ್ಕಕ್ಕೆ ಬರ್ಕಂತಾರಂತೆ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಮಾಧಾನಕ್ಕೆ ಇನ್ನೊಂದು ಸುದ್ದಿ ಹೇಳಿದೆ. ಇದೇ ನವೆಂಬರ್ 28ಕ್ಕೆ, ಅಂದರೆ ಈ 0.4 ಬರುವ ಮೂರು ದಿನ ಮುಂಚೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಜಿಡಿಪಿ ಶೇ 8.2 ಬೆಳೆದಿದೆ ಅಂತ ಪ್ರಕಟವಾಗಿತ್ತು. ಗಣೇಶ ಚತುರ್ಥಿ, ವರಮಹಾಲಕ್ಷ್ಮಿ, ರಕ್ಷಾಬಂಧನ, ನಾಗರಪಂಚಮಿ, ಸ್ವಾತಂತ್ರ್ಯ ದಿನ ಎಲ್ಲಾ ಆ ಮೂರು ತಿಂಗಳಲ್ಲೇ ಬಂದಿದ್ದವು. ಗಣಪತಿಯಿಂದ ಬೆಳವಣಿಗೆ ಕುಗ್ಗಿತು ಅಂತ ಆಗ ಯಾರೂ ಹೇಳಲಿಲ್ಲ. ಗಣಪತಿಗೆ ದೆಹಲಿಯಲ್ಲಿ ಒಳ್ಳೆ ವಕೀಲರು ಇರಬೇಕು.

2026ರಲ್ಲಿ ದೀಪಾವಳಿ ನವೆಂಬರ್ 8ಕ್ಕೆ. ಹಾಗಾಗಿ ಬರುವ ಅಕ್ಟೋಬರಿನಲ್ಲಿ ಸೂಚ್ಯಂಕ ಎದೆಯುಬ್ಬಿಸಿ ನಿಲ್ಲಬಹುದು. ಅದಕ್ಕೆ ಹಾರ ಹಾಕಿಸಿಕೊಳ್ಳುವವರು ಈಗಲೇ ಅಳತೆ ಕೊಟ್ಟಿರುತ್ತಾರೆ.

ಹಗಲುಹೊತ್ತಿನಲ್ಲೂ ಶೆಡ್ಡಿನಲ್ಲಿ ಕತ್ತಲೆ. ಕಾಕಾ ಬುಷ್ ಅನ್ನು ಹಳೇ ಡಬ್ಬಿಗೆ ಹಾಕಿ, ಸೀಮೆಸುಣ್ಣದಲ್ಲಿ ತಗಡಿನ ಮೇಲೆ ನನ್ನ ಹೆಸರು ಬರೆದುಕೊಂಡರು.

"ಶುಕ್ರವಾರ ಬರ್ರಿ. ಗುರುವಾರ ಬರಬ್ಯಾಡ್ರಿ."

"ಗುರುವಾರ ಹೊಸ್ತಿಲ ಹುಣ್ಣಿಮೆ ಅಂತಾನಾ?"

"ಹುಣ್ಣಿಮೆ ಎಲ್ಲಿದ್ರೀ. ಬೆಳಗ್ಗೆ ಹತ್ತರಿಂದ ಐದರತನಕ ಕರೆಂಟ್ ಇರಲ್ಲ. ನಿಮ್ಮ ಪೇಪರ್ನಾಗೇ ಹಾಕ್ಯಾರೆ, ನೋಡ್ರಿ ಆ ಮೂಲ್ಯಾಗೆ."